ಬಸ್ ಸ್ಟ್ಯಾಂಡಲ್ಲಿ ಸೇದಿದರೆ ದಂಡ, ತೊಟ್ಟಿಲ ಪಕ್ಕ ಸೇದಿದರೆ?

ತಿಪಟೂರು ಬಸ್ ಸ್ಟ್ಯಾಂಡಲ್ಲಿ ಬೀಡಿ ಹಚ್ಚಿದರೆ ಈಗ 1,000 ರೂಪಾಯಿವರೆಗೆ ದಂಡ ಬೀಳಬಹುದು. 2003ರ ತಂಬಾಕು ನಿಯಂತ್ರಣ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ 2025ರ ಮೇನಲ್ಲಿ ಜಾರಿಗೆ ಬಂತು, ಮೊದಲು ದಂಡ 200 ಇತ್ತು. ಅದೇ ಮನುಷ್ಯ ತುರುವೇಕೆರೆ ಬಸ್ ಹತ್ತಿ ಊರಿಗೆ ಹೋಗಿ, ತೊಟ್ಟಿಲ ಪಕ್ಕ ಕೂತು ಸೇದಿದರೆ ಕಾನೂನು ಏನೂ ಕೇಳಲ್ಲ. ಮನೆ ಸಾರ್ವಜನಿಕ ಸ್ಥಳ ಅಲ್ಲ. ಆದರೆ ಆರು ತಿಂಗಳ ಕೂಸಿಗೆ ಮನೆ ಬಿಟ್ಟರೆ ಬೇರೆ ಜಗತ್ತು ಎಲ್ಲಿದೆ?

2016-17ರ ಗ್ಯಾಟ್ಸ್ ಸಮೀಕ್ಷೆ ಪ್ರಕಾರ ದೇಶದ ಶೇ. 38.7ರಷ್ಟು ವಯಸ್ಕರು ಮನೆಯೊಳಗೇ ಇನ್ನೊಬ್ಬರ ತಂಬಾಕಿನ ಹೊಗೆ ಕುಡಿಯುತ್ತಾರೆ. 15 ವರ್ಷ ದಾಟಿದವರನ್ನಷ್ಟೇ ಕೇಳಿದ ಲೆಕ್ಕ ಇದು. ಮಕ್ಕಳು ಇದರಲ್ಲಿ ಇಲ್ಲ.

ಸಿಗರೇಟು ಎರಡು ದಮ್ಮಿನ ನಡುವೆಯೂ ಉರಿಯುತ್ತಲೇ ಇರುತ್ತೆ, ಆ ಹೊಗೆ ಫಿಲ್ಟರ್ ದಾಟದೆ ನೇರ ಕೋಣೆಗೆ. ಬೀಡಿ ಹಾಗಲ್ಲ, ಎಳೆಯದಿದ್ದರೆ ಆರಿಹೋಗುತ್ತೆ. ಅದಕ್ಕೇ ಸೇದುವವರು ಮತ್ತೆ ಮತ್ತೆ ಎಳೀತಾರೆ, ಮತ್ತೆ ಮತ್ತೆ ಬಿಡ್ತಾರೆ. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ, ಕೂಸು ಅದರ ಎರಡರಷ್ಟು. ಶ್ವಾಸನಾಳವೋ ತೀರಾ ಸಣ್ಣದು, ಸ್ವಲ್ಪ ಊದಿದರೂ ಗೊರಗೊರ ಶುರು. ನ್ಯುಮೋನಿಯಾ, ಉಬ್ಬಸ, ನಿದ್ದೆಯಲ್ಲೇ ಶಿಶು ತೀರಿಕೊಳ್ಳುವ ಅಪಾಯ, ಎಲ್ಲವೂ ಹೆಚ್ಚುತ್ತೆ. ನಮ್ಮಲ್ಲಿ ಯಾರೂ ಹೊಗೆಗೆ ಗಂಟು ಹಾಕದ ಕಾಯಿಲೆ ಅಂದರೆ ಕಿವಿ ಸೋರೋದು. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗೋ ನಾಳ ಹೊಗೆಗೆ ಊದಿಕೊಂಡು ಮುಚ್ಚುತ್ತೆ, ಒಳಗೆ ನೀರು ನಿಂತು ಸೋಂಕಾಗುತ್ತೆ. ಪದೇ ಪದೇ ಹೀಗಾದ ಮಗುವಿಗೆ ತರಗತಿಯಲ್ಲಿ ಪಾಠ ಸರಿಯಾಗಿ ಕೇಳಿಸದೇ ಹೋಗಬಹುದು. ಆಗ ನಾವು ಅದನ್ನು ದಡ್ಡ ಅಂತೀವಿ!

'ಬೆಳಗಾದರೆ ಹಂಡೆ ಒಲೆಗೆ ಗರಿ, ಮಟ್ಟೆ, ಚಿಪ್ಪು ಹಾಕ್ತೀವಿ, ಆ ಹೊಗೆ ಮುಂದೆ ಬೀಡಿ ಯಾವ ಲೆಕ್ಕ?' ಅನ್ನೋ ವಾದ ಇದೆ. ಒಲೆ ಹೊಗೆಯೂ ಕೆಟ್ಟದ್ದೇ. ಆದರೆ ಶ್ವಾಸಕೋಶ ಎರಡನ್ನೂ ಕೂಡಿಸಿಕೊಳ್ಳುತ್ತೆ, ಒಂದಕ್ಕೆ ಇನ್ನೊಂದನ್ನು ವಜಾ ಮಾಡಲ್ಲ. ಜೊತೆಗೆ ಒಲೆ ಬಚ್ಚಲಲ್ಲೇ ಇರುತ್ತೆ, ಬೀಡಿ ಮಗುವನ್ನು ಎತ್ತಿಕೊಂಡ ತೊಡೆವರೆಗೂ ಬರುತ್ತೆ. ಕಿಟಕಿ ತೆಗೆದರೂ, ಫ್ಯಾನ್ ಹಾಕಿದರೂ ಸಾಲದು. ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ ಅಂತ ಅಮೆರಿಕದ ಸರ್ಜನ್ ಜನರಲ್ 2006ರಲ್ಲೇ ಬರೆದಿದ್ದಾರೆ. ಆಚೆ ಹೋಗಿ ಸೇದಬೇಕು, ಅಷ್ಟೇ.

ಚಿಕ್ಕನಾಯಕನಹಳ್ಳಿ ಕಡೆ ಒಣಮಟ್ಟೆ ರಾಶಿ ಹತ್ತಿರ, ಕೊಬ್ಬರಿ ಅಟ್ಟದ ಕೆಳಗೆ ಬೀಡಿ ಹಚ್ಚಿದರೆ ಮನೆಯವರು ಸುಮ್ಮನಿರ್ತಾರಾ? ಕಿಡಿ ಬಿದ್ದರೆ ವರ್ಷದ ದುಡಿಮೆ ಹೋಗುತ್ತೆ, ಹಾಗಾಗಿ ಎಷ್ಟೇ ದೊಡ್ಡವರಾದರೂ ಎಬ್ಬಿಸಿ ಕಳಿಸ್ತಾರೆ. ಮಗುವಿನ ಹತ್ತಿರ ಹಚ್ಚಿದಾಗ ಮಾತ್ರ 'ಮಾವಯ್ಯ, ಆಚೆ ಹೋಗಿ' ಅನ್ನೋ ಹಕ್ಕು ಸೊಸೆಗಿಲ್ಲ.

ಈ ಮಾತನ್ನು ಹೊರಗಿನವರು ಆಡಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಆ ಮನೆಗೆ ಹೋಗಬೇಕು ಅನ್ನೋ ನಿಯಮ ಇದೆ. ತೂಕ, ಹೊಕ್ಕುಳು, ಎದೆಹಾಲು ಎಲ್ಲ ತಾಯಿಯನ್ನೇ ಕೇಳ್ತಾರೆ. ಜಗಲಿಯಲ್ಲಿ ಕೂತಿರೋ ಗಂಡಸರನ್ನೂ ಒಳಗೆ ಕರೆದು, 'ಈ ಮನೇಲಿ ಯಾರು ಸೇದ್ತೀರಾ, ಎಲ್ಲಿ ಸೇದ್ತೀರಾ' ಅಂತ ಕೇಳೋದನ್ನೂ ಆ ಭೇಟಿಗೆ ಸೇರಿಸಬೇಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.