ಮನೆಯ ಗುಪ್ತಮಾರ್ಗವು ತೆರೆಯದಿದ್ದರೆ

ನಮ್ಮ ಶಾಲೆಯಲ್ಲಿ ಕಲಿತುಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಉದ್ಯೋಗದಲ್ಲಿರುವರು; ತಂದೆತಾಯಿಗಳು ಮಾತ್ರ ಹನುಮನಹಳ್ಳಿ, ಆನೆಗೊಂದಿ, ಗಂಗಾವತಿಗಳ ಕಡೆಗೇ ಉಳಿದಿರುವರು. ಅಂಗಳದ ಕ್ಯಾಮರಾವನ್ನು ದೂರದಿಂದ ನೋಡುವದಕ್ಕೂ ಮನೆಯ ಕಂಪ್ಯೂಟರಿನಲ್ಲಿಟ್ಟ ಹೊಲದ ಕಾಗದಪತ್ರಗಳನ್ನು ತೆಗೆಯುವದಕ್ಕೂ ಕೆಲವರು ಮನೆಯ ಫೈರ್‌ವಾಲಿನಲ್ಲಿ ವಿ.ಪಿ.ಎನ್. ಸರ್ವರನ್ನು ಇಟ್ಟುಕೊಂಡಿರುವರು. ಅದು ಕೂಡಿಕೊಳ್ಳದೆ ಹೋದಾಗ ನಮಗೆ ಬರೆಯುವರು. ಅಂಥ ಪತ್ರಗಳಿಗೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆಯುತ್ತೇವೆ.

ಫೈರ್‌ವಾಲ್ ಎಂಬದು ಮನೆಯ ಕೋಟೆಗೋಡೆ, ವಿ.ಪಿ.ಎನ್. ಎಂಬದು ಕೀಲಿಯುಳ್ಳವರಿಗಾಗಿ ಮಾತ್ರ ಆ ಗೋಡೆಯಲ್ಲಿಟ್ಟ ದಿಡ್ಡಿಬಾಗಿಲು. ದಿಡ್ಡಿಯು ತೆರೆಯಲಿಲ್ಲವೆಂದು ಬೇಸತ್ತು ಗೋಡೆಯನ್ನೇ ಕೆಡವುವವರುಂಟು. ಅಂದರೆ ಕ್ಯಾಮರಾದ ಪೋರ್ಟನ್ನು ನೇರವಾಗಿ ಲೋಕಕ್ಕೆಲ್ಲ ತೆರೆದಿಡುವರು. ಇದು ಎಂದಿಗೂ ಕೂಡದು. ೨೦೧೬ರಲ್ಲಿ ಮಿರಾಯಿ ಎಂಬ ದುಷ್ಟ ಪ್ರೋಗ್ರಾಮು, ಕಾರಖಾನೆಯಿಂದ ಬಂದ ಪಾಸ್‌ವರ್ಡನ್ನೇ ಬದಲಿಸದೆ ಇಟ್ಟಿದ್ದ ಲಕ್ಷಾಂತರ ಕ್ಯಾಮರಾ, ರೌಟರುಗಳನ್ನು ವಶಮಾಡಿಕೊಂಡಿತು. ವೃದ್ಧರಿಬ್ಬರೇ ಇರುವ ಮನೆಯ ಅಂಗಳವನ್ನು ಅಪರಿಚಿತರು ಹಗಲಿರುಳು ನೋಡುತ್ತಿರುವದು ಸಣ್ಣ ಸಂಗತಿಯಲ್ಲ.

ಮೊದಲು ನೋಡತಕ್ಕದ್ದು ಸರ್ವರನ್ನಲ್ಲ, ವಿಳಾಸವನ್ನು. ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಒಟ್ಟು ಸುಮಾರು ೪೩೦ ಕೋಟಿ ಮಾತ್ರ. ಅವು ಸಾಲದೆ ಕಂಪನಿಗಳು ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಇಡುತ್ತವೆ. ನಮ್ಮ ಹಾಸ್ಟೆಲಿನಂತೆ ಎಂದು ತಿಳಿಯಿರಿ. ಹುಡುಗಿಯೊಬ್ಬಳು ಬರೆದ ಪತ್ರಕ್ಕೆ ಉತ್ತರ ಬಂದರೆ ಅದು ಅವಳ ಕೈ ಸೇರುವದು. ಹೆಸರೇ ಇಲ್ಲದ ಹೊಸ ಪತ್ರವೊಂದು ಬಂದರೆ ಯಾರಿಗೆ ಕೊಡತಕ್ಕದ್ದೆಂದು ವಾರ್ಡನ್ ಬಾಯಿಯವರಿಗೂ ತಿಳಿಯದು. ರೌಟರಿನ ಪುಟದಲ್ಲಿ ಕಾಣುವ ಹೊರವಿಳಾಸವೂ, ನಿಮ್ಮ ವಿಳಾಸ ಯಾವದೆಂದು ಹೇಳುವ ಇಂಟರ್ನೆಟ್ ತಾಣವು ತೋರಿಸುವ ವಿಳಾಸವೂ ಒಂದೇ ಆಗಿರಬೇಕು. ರೌಟರಿನ ವಿಳಾಸವು ೧೦೦.೬೪ರಿಂದ ೧೦೦.೧೨೭ರ ಒಳಗೆ ಮೊದಲಾಗುತ್ತಿದ್ದರೆ ನೀವು ಹಾಸ್ಟೆಲಿನವರೇ. ಈ ಅಂಕೆಗಳನ್ನು ೨೦೧೨ರಲ್ಲಿ ಇದೇ ಕೆಲಸಕ್ಕೆಂದು ಮೀಸಲಿಟ್ಟರು. ಹನುಮನಹಳ್ಳಿಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರು ದಿನ ಫೈರ್‌ವಾಲಿನ ನಿಯಮಗಳನ್ನು ತಿದ್ದಿದಳು, ಪಾಪ. ಅವಳ ನಿಯಮಗಳಲ್ಲಿ ತಪ್ಪೇ ಇರಲಿಲ್ಲ. ಇದಕ್ಕೆ ಉಪಾಯಗಳೆಂದರೆ, ಕಂಪನಿಯಿಂದ ಸ್ವಂತ ವಿಳಾಸವನ್ನು ಹಣ ಕೊಟ್ಟು ಪಡೆಯುವದು. ಎರಡೂ ಕಡೆ ಐ.ಪಿ.ವಿ.೬ ಇದ್ದರೆ ಅದರಿಂದ ಕೂಡುವದು; ಇಲ್ಲವೆ ಹೊರಗೆ ಚಿಕ್ಕ ಸರ್ವರನ್ನು ಬಾಡಿಗೆಗೆ ಹಿಡಿದು, ಮನೆಯೇ ಅದಕ್ಕೆ ಕರೆ ಮಾಡುವಂತೆ ಏರ್ಪಡಿಸುವದು.

ಪರೀಕ್ಷೆಯನ್ನು ಮನೆಯ ವೈಫೈಯಿಂದ ಮಾಡಬಾರದು. ಒಳಗಿನಿಂದ ಹೊರಬಾಗಿಲನ್ನು ತಟ್ಟಿದರೆ ಅನೇಕ ರೌಟರುಗಳು ಸುಳ್ಳುತ್ತರ ಕೊಡುವವು. ವೈಫೈಯನ್ನು ಆರಿಸಿ ಮೊಬೈಲ್ ಡೇಟಾದಿಂದ ನೋಡಬೇಕು.

ವಿಳಾಸವು ಸ್ವಂತದ್ದಾಗಿದ್ದರೆ, ತಟ್ಟಿದ ಸಪ್ಪಳ ಬಾಗಿಲಿಗೆ ಮುಟ್ಟಿತೋ ಎಂದು ಫೈರ್‌ವಾಲಿನ ದಾಖಲೆಯಲ್ಲಿ ನೋಡತಕ್ಕದ್ದು. ಓಪನ್‌ವಿ.ಪಿ.ಎನ್. ಸಾಮಾನ್ಯವಾಗಿ ೧೧೯೪ನೆಯ ಪೋರ್ಟಿನಲ್ಲಿಯೂ ವೈರ್‌ಗಾರ್ಡ್ ೫೧೮೨೦ರಲ್ಲಿಯೂ ಇರುವದು. ವೈರ್‌ಗಾರ್ಡ್ ನಡೆಯುವದು ಯು.ಡಿ.ಪಿ.ಯಲ್ಲಿಯೇ, ಟಿ.ಸಿ.ಪಿ.ಗೆ ನಿಯಮ ಬರೆದರೆ ಏನೂ ಆಗದು. ಓಪನ್‌ವಿ.ಪಿ.ಎನ್. ಅರವತ್ತು ಸೆಕೆಂಡು ಕಾದು ಸೋತೆನೆಂದರೆ ಹೆಚ್ಚಾಗಿ ದಾರಿಯಲ್ಲಿಯೇ ತಡೆಯಿದೆ. ವೈರ್‌ಗಾರ್ಡ್ ಆದರೋ ಮೌನಿ. ಗುರುತಿಲ್ಲದ ಕೀಲಿಗೆ ಅದು ಉತ್ತರವನ್ನೇ ಕೊಡದು. ಆದುದರಿಂದ ಅದರ ಮೌನದಿಂದ ದಾರಿ ಕಟ್ಟಿದೆಯೋ ಕೀಲಿ ತಪ್ಪಿದೆಯೋ ತಿಳಿಯಲಾಗದು; ಎರಡನ್ನೂ ನೋಡಬೇಕು. ಕರೆಂಟು ಹೋಗಿಬಂದ ಮೇಲೆ ಕೆಟ್ಟಿದ್ದರೆ ಗಡಿಯಾರವನ್ನೂ ನೋಡಿರಿ. ಎಷ್ಟೋ ರೌಟರುಗಳ ಗಡಿಯಾರಕ್ಕೆ ಬ್ಯಾಟರಿ ಇರುವದಿಲ್ಲ. ತಾರೀಖು ಹಿಂದಕ್ಕೆ ಹೋದರೆ ಓಪನ್‌ವಿ.ಪಿ.ಎನ್.ನ ಪ್ರಮಾಣಪತ್ರಗಳು ಇನ್ನೂ ಹುಟ್ಟಿಯೇ ಇಲ್ಲವೆಂದು ಅದು ತಿರಸ್ಕರಿಸುವದು.

ಕೂಡಿಕೊಂಡರೂ ಸಣ್ಣ ಸಂಗತಿಗಳು ಮಾತ್ರ ಬಂದು ದೊಡ್ಡ ಕಡತಗಳು ನಡುವೆ ನಿಂತರೆ, ಪೊಟ್ಟಣದ ಗಾತ್ರ ಹೆಚ್ಚಾಗಿದೆ. ವೈರ್‌ಗಾರ್ಡಿನ ರೂಢಿಯ ೧೪೨೦ನ್ನು ೧೨೮೦ಕ್ಕೆ ಇಳಿಸಿ ನೋಡಿರಿ.

ಕಡೆಯದಾಗಿ, ಕೂಡಿಕೊಂಡದ್ದೆಂದು ತೋರಿಯೂ ಕ್ಯಾಮರಾ ಸಿಕ್ಕದಿರುವದು. ಮಗಳ ಕೋಣೆಯಲ್ಲಿಯೂ ತೌರಿನಲ್ಲಿಯೂ ಒಳವಿಳಾಸಗಳು ೧೯೨.೧೬೮.೧ ಎಂದೇ ಇದ್ದರೆ ಮೊಬೈಲು ಕ್ಯಾಮರಾವನ್ನು ತನ್ನ ಕೋಣೆಯಲ್ಲಿಯೇ ಹುಡುಕುವದು. ತೌರಿನ ಅಂಕೆಯನ್ನು ೧೯೨.೧೬೮.೭೩ ಎಂಬಂಥ ಅಪರೂಪದ್ದಕ್ಕೆ ಬದಲಿಸಬೇಕು. ಇದನ್ನು ದೂರದಿಂದ ಮಾಡದೆ, ರಜೆಗೆ ಊರಿಗೆ ಹೋದಾಗ ಮಾಡುವದು ಲೇಸು. ನಡುವೆ ಸಂಪರ್ಕ ಕಡಿದರೆ ಸರಿಪಡಿಸಲು ತಂದೆಯವರೇ ಕನ್ನಡಕ ಹುಡುಕಬೇಕಾಗುವದು. ಹೊಸ ಅಂಕೆಯನ್ನು ಚೀಟಿಯಲ್ಲಿ ಬರೆದು ರೌಟರಿಗೆ ಅಂಟಿಸಿ ಬನ್ನಿರಿ.