ಹಲ್ಲೇ ಬಂಡವಾಳ, ನಗುವೇ ಲಾಭ!

ಹಾಸ್ಯನಟ ಅಂದಮೇಲೆ ಕೈಯಲ್ಲೊಂದು ಸಾಮಾನು ಬೇಕು. ಗಲಗಲಿ, ಬೀಳಗಿ, ಮುಧೋಳದ ಕಡೆ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಿದ ಕೊಡೆ, ಉದ್ದ ಜುಟ್ಟು, ಮೊಣಕಾಲಿಗೇರಿದ ಪ್ಯಾಂಟು... ಸೈಡ್ ವಿಂಗಿನಿಂದ ಆ ಕೊಡೆ ಇಣುಕಿದರೆ ಸಾಕು, ಮುಂದಿನ ಸಾಲಿನಲ್ಲಿ ಸೀಟಿ ಶುರು!

ಜಗತ್ತಿನಲ್ಲೆಲ್ಲಾ ಇದೇ ಕಥೆ. ಚಾರ್ಲಿ ಚಾಪ್ಲಿನ್ 1914ರಲ್ಲಿ ಕೈಗೆ ತೆಗೆದುಕೊಂಡ ಬೆತ್ತವನ್ನೂ ತಲೆಗಿಟ್ಟ ಟೋಪಿಯನ್ನೂ 1936ರ 'ಮಾಡರ್ನ್ ಟೈಮ್ಸ್'ವರೆಗೆ ಕೆಳಗಿಡಲಿಲ್ಲ. 'ಗೋಲ್ಡ್ ರಶ್' (1925) ಚಿತ್ರದಲ್ಲಂತೂ ಎರಡು ಫೋರ್ಕಿಗೆ ಎರಡು ಬನ್ನು ಚುಚ್ಚಿ ಊಟದ ಮೇಜಿನ ಮೇಲೇ ಡ್ಯಾನ್ಸ್ ಮಾಡಿಸಿಬಿಟ್ಟ!

ಆದರೆ ಈ ಸಾಮಾನು ಕೆಲವೊಮ್ಮೆ ಬೆಲೆ ಕೇಳುತ್ತದೆ. ದುಂಡು ಕನ್ನಡಕದ ಹೆರಾಲ್ಡ್ ಲಾಯ್ಡ್ 1919ರಲ್ಲಿ ಫೋಟೋಗೆ ನಿಂತಿದ್ದ. ಕೈಯಲ್ಲಿ ನಾಟಕದ ಬಾಂಬು. ಅದು ನಿಜವಾಗಿಯೇ ಸಿಡಿಯಿತು! ಬಲಗೈಯ ಹೆಬ್ಬೆರಳು, ತೋರುಬೆರಳು ಹೋದವು. 'ಸೇಫ್ಟಿ ಲಾಸ್ಟ್' (1923) ಚಿತ್ರದಲ್ಲಿ ಗಡಿಯಾರದ ಮುಳ್ಳಿಗೆ ಜೋತುಬಿದ್ದು ಜನರನ್ನು ನಗಿಸಿದ್ದು ಇದೇ ಲಾಯ್ಡ್, ಕೈಗೆ ಗವಸು ಹಾಕಿಕೊಂಡು. ನಕ್ಕವರಿಗೆ ಬೆರಳಿಲ್ಲದ್ದು ಕಾಣಲೇ ಇಲ್ಲ.

ಈಗ ನಮ್ಮ ನರಸಿಂಹರಾಜು ಅವರ ವಿಷಯಕ್ಕೆ ಬನ್ನಿ. ಅವರ ಸಾಮಾನು ಪೆಟ್ಟಿಗೆಯಲ್ಲಿರಲಿಲ್ಲ, ಬಾಯಲ್ಲೇ ಇತ್ತು! ಆ ಉಬ್ಬುಹಲ್ಲು, ಆ ಕಡ್ಡಿ ಮೈ. ಬೇರೆಯವರಾಗಿದ್ದರೆ ಕನ್ನಡಿ ಮುಂದೆ ನಿಂತು ಅಳುತ್ತಿದ್ದರೇನೋ. ಇವರು ಅದನ್ನೇ ಬಂಡವಾಳ ಮಾಡಿಕೊಂಡರು.

1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ಹುಡುಗ ಇನ್ನೂ ಕೂಸಾಗಿರುವಾಗಲೇ ನಾಟಕ ಕಂಪನಿ ಸೇರಿದ. ಬಾಲಪಾತ್ರಗಳಿಂದ ಶುರುವಾಗಿ, ಕಂಪನಿಯಿಂದ ಕಂಪನಿಗೆ ಅಲೆದು, ಕೊನೆಗೆ ಗುಬ್ಬಿ ಕಂಪನಿ. ಗುಬ್ಬಿ ವೀರಣ್ಣನವರೇ ಹಾಸ್ಯದ ದೊಡ್ಡ ಮೇಷ್ಟ್ರು. ಅಂಥ ಗರಡಿಯಲ್ಲಿ ಪಳಗಿದ ಮೇಲೆ ಕೇಳಬೇಕೆ! 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ 'ಬೇಡರ ಕಣ್ಣಪ್ಪ' ಬಂತು. ರಾಜಕುಮಾರ್ ನಾಯಕನಾದ ಮೊದಲ ಚಿತ್ರ ಅದೇ, ನರಸಿಂಹರಾಜು ಬೆಳ್ಳಿತೆರೆಗೆ ಬಂದದ್ದೂ ಅದರಲ್ಲೇ. ಆಮೇಲೆ ಸುಮಾರು ಕಾಲು ಶತಮಾನ ಅವರದೇ ದರ್ಬಾರು. 'ಹಾಸ್ಯ ಚಕ್ರವರ್ತಿ' ಅಂತ ಜನ ಕರೆದದ್ದು ಸುಮ್ಮನೆ ಅಲ್ಲ.

ಹಲ್ಲು ಬಿಟ್ಟರೆ ನಗು ಬರುತ್ತದೆ, ಸರಿ. ಆದರೆ ಎಷ್ಟು ಹೊತ್ತು? ಎರಡನೇ ಸಲ ಬಿಟ್ಟರೆ ಪ್ರೇಕ್ಷಕ ಬೀಡಿ ಹಚ್ಚಲು ಎದ್ದು ಹೋಗುತ್ತಾನೆ! 1965ರ 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕನನ್ನು ನೆನಪಿಸಿಕೊಳ್ಳಿ. ಸಾಲಕ್ಕಾಗಿ ರಾಜನ ಬೆನ್ನು ಹತ್ತುವ ಪಾತ್ರ. ಎದುರಿಗೆ ಅಣ್ಣಾವ್ರು ಕಣ್ಣೀರು ತರಿಸುತ್ತಿದ್ದರೆ ಪಕ್ಕದಲ್ಲಿ ಇವರು ನಗೆ ತರಿಸಬೇಕು, ಆ ಕಣ್ಣೀರು ಕೆಡಬಾರದು. ಇದು ಹಲ್ಲಿನ ಕೆಲಸವಲ್ಲ ಸ್ವಾಮಿ. ಮಾತು ಯಾವಾಗ ಎತ್ತಬೇಕು, ಯಾವಾಗ ನುಂಗಬೇಕು ಅನ್ನುವ ಕಂಪನಿ ನಾಟಕದ ವಿದ್ಯೆ.

ಚಾಪ್ಲಿನ್ ಸಂಜೆಯಾದರೆ ಬೆತ್ತ ಮೂಲೆಗಿಟ್ಟು ಮನೆಗೆ ಹೋಗಬಹುದಿತ್ತು. ನರಸಿಂಹರಾಜು ಎಲ್ಲಿಗೆ ಹೋದರೂ ಸಾಮಾನು ಜೊತೆಗೇ. ಮುಖ ನೋಡಿದರೆ ಸಾಕು, ಜನಕ್ಕೆ ನಗು! ಅಂಥವರಿಗೆ ಬೇರೆ ಪಾತ್ರ ಯಾರು ಕೊಟ್ಟಾರು? ಅದಕ್ಕೇ ಇರಬೇಕು, 1974ರಲ್ಲಿ ಸ್ವತಃ ನಿರ್ಮಾಪಕರಾಗಿ 'ಪ್ರೊಫೆಸರ್ ಹುಚ್ಚುರಾಯ' ತೆಗೆದರು. ಮುಖ್ಯ ಪಾತ್ರಕ್ಕೆ ತಾವೇ ನಿಂತರು. ಪಕ್ಕದಲ್ಲಿ ನಿಂತು ನಗಿಸಿದವರು ಒಮ್ಮೆ ನಡುವೆ ಬಂದು ನಿಂತ ಕ್ಷಣ ಅದು.

1979ರ ಜುಲೈನಲ್ಲಿ ಅವರು ಹೋದರು. ಅರವತ್ತೂ ಆಗಿರಲಿಲ್ಲ. 2008ರಲ್ಲಿ 'ಸತ್ಯ ಹರಿಶ್ಚಂದ್ರ' ಬಣ್ಣ ಬಳಿದುಕೊಂಡು ಮತ್ತೆ ತೆರೆಗೆ ಬಂದಾಗ, ಆ ನಕ್ಷತ್ರಿಕನೂ ಬಣ್ಣದಲ್ಲಿ ಬಂದ.

ಗೆಳೆಯರೇ, ನಿಮ್ಮಲ್ಲೂ ಮಿಮಿಕ್ರಿ ಮಾಡುವವರು, ಸ್ನೇಹಿತರ ನಡುವೆ ಕಾಮಿಡಿ ಮಾಡುವವರು ಇರಬಹುದು. ಟೋಪಿ, ಕೋಲು, ಕನ್ನಡಕ ಎಲ್ಲವೂ ಸಂತೆಯಲ್ಲಿ ಸಿಗುತ್ತವೆ. ಟೈಮಿಂಗ್ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ನರಸಿಂಹರಾಜು ಅವರ ಚಿತ್ರ ನೋಡಿಯೇ ಕಲಿಯಬೇಕು. ಏನಂತೀರಿ?