ಕಂಟೇನರ್ ಕ್ಲಸ್ಟರಿನ ನಿಯಂತ್ರಣ ಲಾಗ್‌ಗಳು: ಡಿಜಿಟಲ್ ಜಾನಪದ ಭಂಡಾರದ ದೃಷ್ಟಿಯಿಂದ

ಜಾನಪದ ಸಂಗ್ರಹದಲ್ಲಿ ಪಠ್ಯದಷ್ಟೇ ಮುಖ್ಯವಾದುದು ಅದರ ಸಂದರ್ಭ ಮಾಹಿತಿ. ವಕ್ತೃ ಯಾರು, ಸಂಗ್ರಾಹಕರು ಯಾರು, ಎಲ್ಲಿ, ಎಂದು ಎಂಬ ವಿವರಗಳಿಲ್ಲದ ಪಠ್ಯವನ್ನು ಸಂಶೋಧಕರು ಆಧಾರವಾಗಿ ಸ್ವೀಕರಿಸಲಾರರು. ಧ್ವನಿಮುದ್ರಿಕೆಗಳು ಗಣಕ ಭಂಡಾರಗಳನ್ನು ಸೇರುತ್ತಿರುವಾಗ, ಅಲ್ಲಿ ಯಾರು ಏನನ್ನು ಬದಲಿಸಿದರೆಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾಗುತ್ತದೆ. ಇಂಥ ಕ್ರಿಯೆಗಳ ಕಾಲಾನುಕ್ರಮದ ದಾಖಲೆಯೇ ಲಾಗ್.

ಭಂಡಾರಗಳನ್ನು ನಡೆಸಬಲ್ಲ ವ್ಯವಸ್ಥೆಗಳಲ್ಲಿ 2014ರಲ್ಲಿ ಗೂಗಲ್ ಪ್ರಕಟಿಸಿದ ಕುಬರ್ನೆಟಿಸ್ ಪ್ರಮುಖವಾದುದು. ಅದರಲ್ಲಿ ತಂತ್ರಾಂಶಗಳು ಕಂಟೇನರ್‌ಗಳೆಂಬ ಪ್ರತ್ಯೇಕ ಘಟಕಗಳಾಗಿ, ಹಲವು ಗಣಕಗಳ ಕ್ಲಸ್ಟರಿನಲ್ಲಿ ನಡೆಯುತ್ತವೆ. ಇವುಗಳನ್ನು ಆಳುವ ಭಾಗವೇ ಕಂಟ್ರೋಲ್ ಪ್ಲೇನ್. ಅದರ ಎಪಿಐ ಸರ್ವರ್ ಆಜ್ಞೆಗಳನ್ನು ಸ್ವೀಕರಿಸುತ್ತದೆ. ಷೆಡ್ಯೂಲರ್ ಕೆಲಸಕ್ಕೆ ಗಣಕವನ್ನು ಗೊತ್ತುಪಡಿಸುತ್ತದೆ. ಕಂಟ್ರೋಲರ್ ಮ್ಯಾನೇಜರ್ ಬಯಸಿದ ಸ್ಥಿತಿ ಕೆಡದಂತೆ ನೋಡಿಕೊಳ್ಳುತ್ತದೆ. ಯಾರು, ಯಾವಾಗ, ಯಾವ ಆಜ್ಞೆ ನೀಡಿದರೆಂಬುದು ಎಪಿಐ ಸರ್ವರಿನ ಆಡಿಟ್ ಲಾಗ್‌ನಲ್ಲಿ ದೊರೆಯುತ್ತದೆ. ಆದರೆ ಏನನ್ನು ದಾಖಲಿಸಬೇಕೆಂಬ ನಿಯಮಗಳ ಕಡತವನ್ನು ಒದಗಿಸದ ಹೊರತು ಆ ಲಾಗ್ ಸಿದ್ಧವಾಗದು. ಅಮೆಜಾನಿನ ಇಕೆಎಸ್ ಸೇವೆಯಲ್ಲಿಯೂ 5 ಬಗೆಯ ನಿಯಂತ್ರಣ ಲಾಗ್‌ಗಳನ್ನು ಬಳಕೆದಾರರೇ ಚಾಲನೆಗೊಳಿಸಬೇಕು. ಕ್ಲಸ್ಟರಿನ ಘಟನೆಗಳ ಟಿಪ್ಪಣಿಗಳಂತೂ, ಅವಧಿಯನ್ನು ಬದಲಿಸದಿದ್ದಲ್ಲಿ, 1 ಗಂಟೆ ಮಾತ್ರ ಉಳಿಯುತ್ತವೆ.

ಆದುದರಿಂದ ಲಾಗ್‌ಗಳನ್ನು ಕ್ಲಸ್ಟರಿನ ಹೊರಗೆ ಸಂಗ್ರಹಿಸಿ, ಉಳಿಸುವ ಅವಧಿಯನ್ನು ನಿರ್ಧರಿಸಿ, ಓದುವ ಅಧಿಕಾರವನ್ನು ಮಿತಗೊಳಿಸಬೇಕು. ಪ್ರತಿಯೊಂದು ಕೋರಿಕೆಯನ್ನೂ ಪೂರ್ಣವಾಗಿ ದಾಖಲಿಸಿದರೆ ಗಾತ್ರ ಹಿಗ್ಗುವುದಲ್ಲದೆ ಗುಪ್ತಪದಗಳೂ ಅದರಲ್ಲಿ ಸೇರಬಹುದು. ಬಹುಪಾಲಿಗೆ ಮೆಟಾಡೇಟಾ ಹಂತವೇ ಸಾಕು. ಒಂದು ಮಿತಿಯನ್ನು ಗಮನಿಸಬೇಕು. ಸಂಗ್ರಹದ ಡಿಸ್ಕನ್ನು ಅಳಿಸಲು ಕ್ಲಸ್ಟರಿಗೆ ನೀಡಿದ ಆಜ್ಞೆ ಇಲ್ಲಿ ದಾಖಲಾಗುತ್ತದೆ. ಹಾಡೊಂದರ ಪಠ್ಯದಲ್ಲಿ ಮಾಡಿದ ತಿದ್ದುಪಡಿ ದಾಖಲಾಗದು. ಅದಕ್ಕೆ ಭಂಡಾರದ ತಂತ್ರಾಂಶವೇ ಪ್ರತ್ಯೇಕ ಲಾಗ್ ಇಡಬೇಕು. ಇವೆರಡೂ ಇದ್ದಾಗ ಮಾತ್ರ ಡಿಜಿಟಲ್ ಪಠ್ಯವು ಸಂಶೋಧನೆಗೆ ನಂಬಲರ್ಹ ಆಧಾರವಾಗಬಲ್ಲದು.